ಜಮೇದಾರನ ಪಥ್ಯ

ಮಂಟಯ್ಯನವರು ಯಾರ ಕೈಯನ್ನೂ ಸುಮ್ಮನೆ ಕುಲುಕಿದವರಲ್ಲ. ಎದುರು ಸಿಕ್ಕವರ ಕೈಯನ್ನು ತಮ್ಮ ಎರಡು ಅಂಗೈಗಳ ನಡುವೆ ಮೃದುವಾಗಿ ಹಿಡಿದು, ನಮಸ್ಕಾರದ ನೆಪದಲ್ಲಿ ಅದನ್ನು ಎದೆಯ ಮಟ್ಟದಿಂದ ಗದ್ದದವರೆಗೆ, ಗದ್ದದಿಂದ ಮೂಗಿನವರೆಗೆ ಏರಿಸಿ, ಅಲ್ಲೊಂದು ಗಳಿಗೆ ನಿಲ್ಲಿಸಿ, ಆಮೇಲೆ ಕೊಟ್ಟವರಿಗೇ ಹಿಂದಿರುಗಿಸುತ್ತಿದ್ದರು. ಅಶೋಕಪುರಂನ ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಕೇಳಲು ಸ್ಕೂಲು ಮೇಷ್ಟರಾದ ನಾನು ಮೊದಲ ಸಲ ಹೋದಾಗ, ಇದು ಹಳೆಯ ಕಾಲದ ಯಾವುದೋ ಗೌರವದ ರೀತಿಯೆಂದು ನಂಬಿ ಮನಸ್ಸಿನಲ್ಲೇ ಉಬ್ಬಿಹೋಗಿದ್ದೆ. ಅವರ ಹೆಂಡತಿ ತಿಮ್ಮಮ್ಮನವರು ಕಾಫಿ ಲೋಟ ಕೊಡುತ್ತಾ, ಅದು ಗೌರವವಲ್ಲ, ತಪಾಸಣೆ ಎಂದು ನಗದೆ ತಿಳಿಸಿದರು.

ನಗರದ ಒಂದು ಗಂಧದ ಕೆತ್ತನೆಯ ಕಾರ್ಖಾನೆಯಲ್ಲಿ ಮಂಟಯ್ಯನವರು ನಿವೃತ್ತಿಯವರೆಗೂ ಗೇಟು ಕಾದವರು. ಸಂಜೆ ಹೊರಬೀಳುವ ಕೆಲಸಗಾರರ ಕೈ, ಜೇಬು, ಊಟದ ಡಬ್ಬಿಗಳನ್ನು ಮೂಸಿ ಬಿಡುವುದೇ ಅವರ ಉದ್ಯೋಗ. ಗಂಧದ ಚೂರನ್ನು ಉಳಿದ ಮುದ್ದೆಯೊಳಗೆ ಹುದುಗಿಸಿಕೊಂಡು ಹೊರಟವನನ್ನೂ, ತುರುಬಿನಲ್ಲಿ ಮಲ್ಲಿಗೆ ಮುಡಿದು ಅದರ ವಾಸನೆಯ ಮರೆಯಲ್ಲಿ ಚಕ್ಕೆ ಸಾಗಿಸುತ್ತಿದ್ದವಳನ್ನೂ ಈ ಮೂಗು ಹಿಡಿದುಕೊಟ್ಟಿತ್ತಂತೆ. ಕೆಲಸ ಮುಗಿದರೂ ಖಾಕಿ ಕೋಟು ಅವರ ಮೈಬಿಟ್ಟಿರಲಿಲ್ಲ. ಮೈಸೂರಿನ ಬೇಸಿಗೆಯಲ್ಲೂ ಕತ್ತಿನ ಗುಂಡಿಯವರೆಗೆ ಹಾಕಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತಾ, ಸ್ವಲ್ಪ ಓರೆಯಾಗಿ ನಡೆಯುತ್ತಿದ್ದರು. ಯಾರು ಏನೇ ಸಮಜಾಯಿಷಿ ಕೊಡಲಿ, ಪೂರ್ತಿ ಕೇಳಿ, ಕೊನೆಗೆ "ಇರ್ಲಿ ಬುಡಿ" ಎನ್ನುತ್ತಿದ್ದರು. ಆ ಮಾತಿನ ಅರ್ಥ ಕ್ಷಮಿಸಿದೆ ಎಂದಲ್ಲ, ನಂಬಲಿಲ್ಲ ಎಂದು. ಅದು ನನಗೆ ತಿಳಿಯಲು ಒಂದು ಮಳೆಗಾಲ ಬೇಕಾಯಿತು.

ಇಂಥ ಮನುಷ್ಯ ಒಂದು ಬೆಕ್ಕನ್ನು ಹೇಗೆ ಹಚ್ಚಿಕೊಂಡರೋ ಕಾಣೆ. ದೇವರಾಜ ಮಾರ್ಕೆಟ್ಟಿನ ಎಲೆ ಅಂಗಡಿಯ ಕೆಳಗೆ ಅರಚುತ್ತಿದ್ದ ಕಂದುಬಣ್ಣದ ಮರಿಯೊಂದನ್ನು ಕೋಟಿನ ಜೇಬಿಗಿಳಿಸಿಕೊಂಡು ಬಂದರಂತೆ. ಅದು ಬೆಳೆದು, ದುಂಡಗಾಗಿ, ಹೊಟ್ಟೆಯನ್ನು ಅತ್ತಿತ್ತ ತೂಗುತ್ತಾ ಅಂಗಳದಲ್ಲಿ ಗಸ್ತು ತಿರುಗುವ ಠೀವಿಯನ್ನು ನೋಡಿ ತಮ್ಮ ಹಳೆಯ ಮೇಲಧಿಕಾರಿಯ ಪದವಿಯನ್ನೇ ಅದಕ್ಕೆ ಹೆಸರಾಗಿ ಕೊಟ್ಟರು. ನಾನು ಬರುವ ಹೊತ್ತಿಗೆ ಜಮೇದಾರನ ತೂಕ ಎಂಟು ಕಿಲೋ ದಾಟಿತ್ತು. ಮಹಡಿಯ ಮೆಟ್ಟಿಲನ್ನು ಅರ್ಧ ಏರಿ, ಅಲ್ಲೇ ಕುಳಿತು, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು.

ಆ ಏದುಸಿರಿಗೆ ಹೆದರಿಯೇ ಅವರು ಅದನ್ನು ಹತ್ತಿರದ ಪ್ರಾಣಿಗಳ ದವಾಖಾನೆಗೆ ಒಯ್ದದ್ದು. ಅಲ್ಲಿನ ಡಾಕ್ಟರು ಅಕ್ಷತಾ ಎಂಬ ಎಳೆಯ ಹುಡುಗಿ. ಬೆಕ್ಕಿನ ಹೊಟ್ಟೆಯನ್ನು ಒತ್ತಿ ನೋಡಿ, ಇದು ಹೀಗೇ ಊದುತ್ತಿದ್ದರೆ ಲಿವರ್ ಎನ್ನುತ್ತಾರಲ್ಲ ಆ ಈಲಿ ಕೆಡುತ್ತದೆ, ವರ್ಷ ದಾಟುವುದು ಕಷ್ಟ ಎಂದು ನೇರವಾಗಿಯೇ ಹೇಳಿದರು. ಸಾರು, ಹಾಲು, ಕರಿದದ್ದು ಎಲ್ಲ ಬಂದ್. ಬೇಯಿಸಿದ ಕೋಳಿ ಒಂದಿಷ್ಟು, ಅದರ ಜೊತೆಗೆ ಸಿಹಿಗುಂಬಳ, ಹುರುಳಿಕಾಯಿ ಸ್ವಲ್ಪ ಸ್ವಲ್ಪ; ಉಪ್ಪಿಲ್ಲ, ಎಣ್ಣೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿಯ ಸೋಂಕೂ ಇಲ್ಲ. ಮಂಟಯ್ಯನವರು ಆ ಪಥ್ಯವನ್ನು ಸರ್ಕಾರಿ ಹುಕುಂ ಎಂಬಂತೆ ತಲೆಯ ಮೇಲೆ ಹೊತ್ತುಕೊಂಡು ಬಂದರು.

ಅಲ್ಲಿಂದ ಮುಂದಿನ ಅವರ ತರಕಾರಿ ವ್ಯಾಪಾರವನ್ನು ನೋಡಿಯೇ ಆನಂದಿಸಬೇಕು. ಒಂದು ಭಾನುವಾರ ನಾನೂ ಜೊತೆಗೆ ಹೋಗಿದ್ದೆ. ಹೋಳು ಮಾಡಿಟ್ಟ ಕುಂಬಳವನ್ನು ಅವರು ಮುಟ್ಟುವುದಿಲ್ಲ, ಏಕೆಂದರೆ ಕೊಯ್ದ ಕತ್ತಿ ಅದಕ್ಕೆ ಮೊದಲು ಏನನ್ನು ಕೊಯ್ದಿತ್ತೋ ಯಾರು ಬಲ್ಲರು. ಇಡೀ ಕಾಯಿಯನ್ನು ಎತ್ತಿ, ಕಿವಿಯ ಬಳಿ ತಟ್ಟಿ, ತೊಟ್ಟನ್ನು ಮೂಸಿ, ಮಾರುವವನ ಮುಖವನ್ನು ನೋಡಿ, ಅವನು ಒಳ್ಳೆಯ ಕಾಯಿ ಎಂದು ಪ್ರಮಾಣ ಮಾಡಿದ ಕೂಡಲೇ ಅದನ್ನು ಕೆಳಗಿಟ್ಟು ಮುಂದಿನ ಅಂಗಡಿಗೆ ನಡೆದರು. ಬೆಕ್ಕಿಗೆ ಇಷ್ಟೆಲ್ಲ ಯಾಕೆ ಯಜಮಾನ್ರೇ ಎಂದು ಯಾರೋ ತಮಾಷೆ ಮಾಡಿದರು. ಬೆಕ್ಕಿಗೆ ಎಂದು ಇವನಿಗೆ ಯಾರು ಹೇಳಿದರು ಎಂಬುದೇ ಮನೆ ಸೇರುವವರೆಗೂ ಅವರ ಚಿಂತೆಯಾಯಿತು.

ಬೇಯಿಸುವುದೂ ಅವರೇ. ಭಾನುವಾರ ಒಂದೇ ಸಲಕ್ಕೆ ವಾರದ ಅಡುಗೆ; ಆಮೇಲೆ ಅದನ್ನು ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ, ಡಬ್ಬಿಯನ್ನು ಹಿತ್ತಲ ಶೆಡ್ಡಿನಲ್ಲಿದ್ದ ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿಯುತ್ತಿದ್ದರು. ಫ್ರಿಜ್ಜಿನಲ್ಲಿಡಬಾರದೇ ಎಂದು ನಾನೊಮ್ಮೆ ಕೇಳಿದ್ದೆ. ಫ್ರಿಜ್ಜಿಗೆ ಹೋಗುವ ಕೈಗಳು ಹಲವು, ಯಾರು ಯಾವಾಗ ಒಂದು ಚಮಚ ತುಪ್ಪ ಬೆರೆಸುತ್ತಾರೋ ಎಂದು ಅವರು ನನ್ನ ಬಲಗೈಯನ್ನೇ ನೋಡುತ್ತಾ ಹೇಳಿದರು. ಬೀಗದ ಕೈ ಅವರ ಉಡಿದಾರದಲ್ಲಿತ್ತು.

ಇಷ್ಟಾದರೂ ಜಮೇದಾರ ಇಳಿಯಲಿಲ್ಲ. ಒಂದು ತಿಂಗಳು ಕಳೆದಾಗ ತಕ್ಕಡಿ ಇನ್ನೂ ಸ್ವಲ್ಪ ಹೆಚ್ಚೇ ತೋರಿಸಿತು. ಬಟ್ಟಲಿಗೆ ಹಾಕಿದ್ದೆಲ್ಲ ಖಾಲಿಯಾಗುತ್ತಿದೆ, ಬೆಕ್ಕು ಊದುತ್ತಿದೆ. ಅಂದಮೇಲೆ ಹೊರಗಿನ ಕೈವಾಡ ಇರಲೇಬೇಕು. ಮಂಟಯ್ಯನವರ ಹಳೆಯ ಉದ್ಯೋಗ ಮರುಕಳಿಸಿತು. ಬೆಕ್ಕು ಹೊರಗಿನಿಂದ ಬಂದ ಕೂಡಲೇ ಅದನ್ನು ಮಡಿಲಲ್ಲಿ ಅಂಗಾತ ಮಲಗಿಸಿ, ದವಡೆ ಬಿಡಿಸಿ, ಬಾಯಿಗೆ ಮೂಗಿಟ್ಟು, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದರು: ಇದು ಪಕ್ಕದ ಪ್ರೇಮಮ್ಮನ ಮನೆಯ ಮೀನು ಸಾರು, ಇದು ಮೂಲೆಮನೆಯ ಬಸ್ಸಾರು, ಹುಣಸೆ ಸ್ವಲ್ಪ ಜಾಸ್ತಿ, ಇದು ಮಹಡಿಯ ಮೊಟ್ಟೆ ಪಲ್ಯ. ಮಹಡಿಯವನು ನಾನು. ಆ ಬೆಕ್ಕಿಗೆ ನಾನು ಒಂದು ಅಗುಳನ್ನೂ ಹಾಕಿದವನಲ್ಲ. ಆದರೂ ಅವರು ಹಾಗೆಂದು ನನ್ನತ್ತ ನೋಡಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದಾಯಿತು. ಅಂದಿನಿಂದ ಮೊಟ್ಟೆ ಬೇಯಿಸುವಾಗ ಕಿಟಕಿ ಮುಚ್ಚುವುದನ್ನು ರೂಢಿಸಿಕೊಂಡೆ.

ಸಂಶಯ ಅಂಟುಜಾಡ್ಯ. ಮೆಟ್ಟಿಲಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ ನಾನು ಕ್ರಮೇಣ ಓದುವುದನ್ನು ಬಿಟ್ಟು ಕಾಯತೊಡಗಿದೆ. ಕಂಡದ್ದು ಇಷ್ಟು. ಒಂದು ಬುಧವಾರ ಮಂಟಯ್ಯನವರು ಎಂದಿನಂತೆ ಬೆಕ್ಕಿನ ಬಾಯಿ ಮೂಸಿ, ಪ್ರೇಮಮ್ಮನ ಮನೆಯ ಮೀನು ಎಂದು ಘೋಷಿಸಿದರು. ಆದರೆ ಪ್ರೇಮಮ್ಮ ಮನೆಗೆ ಬೀಗ ಹಾಕಿಕೊಂಡು ಹಿಂದಿನ ದಿನವೇ ನಂಜನಗೂಡಿಗೆ ಹೋಗಿದ್ದರು. ಮೀನಿನ ಗಾಡಿ ನಮ್ಮ ಬೀದಿಗೆ ಬರುವುದು ಬುಧವಾರ. ಮೂಲೆಮನೆಯಲ್ಲಿ ಸೊಪ್ಪು ಬಸಿಯುವುದು ಸೋಮವಾರ. ಅವರು ವಾಸನೆ ಹಿಡಿಯುತ್ತಿದ್ದರೋ, ವಾರ ಎಣಿಸುತ್ತಿದ್ದರೋ? ಅನುಮಾನಿಸುವವರನ್ನೇ ಅನುಮಾನಿಸುವ ಈ ಹೊಸ ಚಟಕ್ಕೆ ನಾಚಿಕೆಪಟ್ಟು ನಾನು ಬಾಯಿ ಮುಚ್ಚಿಕೊಂಡಿದ್ದೆ.

ಅದೇ ದಿನ ಇನ್ನೊಂದು ಕಂಡೆ. ಮಧ್ಯಾಹ್ನ ಮಂಟಯ್ಯನವರು ಒರಗಿದ ಹೊತ್ತಿನಲ್ಲಿ ತಿಮ್ಮಮ್ಮನವರು ಬೆಕ್ಕಿನ ಬಟ್ಟಲನ್ನು ತುಂಬಿದ್ದಂತೆಯೇ ಎತ್ತಿಕೊಂಡು, ಮೂಗಿಗೆ ಸೆರಗು ಹಿಡಿದು, ಕರಿಬೇವಿನ ಗಿಡದ ಬುಡಕ್ಕೆ ಸುರಿದು ಮಣ್ಣು ಮುಚ್ಚಿದರು. ಆಮೇಲೆ ಒಳಗಿನಿಂದ ಮುಚ್ಚಿದ ತಟ್ಟೆಯೊಂದನ್ನು ತಂದರು. ಜಮೇದಾರ ಬಾಲ ನೆಟ್ಟಗೆ ಮಾಡಿಕೊಂಡು ಅವರ ಹಿಂದೆ ಓಡಿತು. ಅದು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತಿಮ್ಮಮ್ಮ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ಬೀದಿಯ ಚರಂಡಿಯದೆಂದು ಎಷ್ಟೋ ದಿನದಿಂದ ನಾನು ಬೈಯುತ್ತಿದ್ದ ವಾಸನೆ ಆ ಹೊತ್ತು ಹಿತ್ತಲಿನಿಂದಲೇ ಬರುತ್ತಿತ್ತು.

ಮರುದಿನ ಗುರುವಾರ ಬೆಳಿಗ್ಗೆ ಬೆಕ್ಕು ಎರಡು ಸಲ ವಾಂತಿ ಮಾಡಿಕೊಂಡು, ಬಾಗಿಲ ಬಳಿ ಉಸಿರಿಗಾಗಿ ಪರದಾಡುತ್ತಾ ಮಲಗಿತು. ಆಟೋದಲ್ಲಿ ಮೂವರೂ ಹೊರಟೆವು. ಮಂಟಯ್ಯನವರ ಒಂದು ತೊಡೆಯ ಮೇಲೆ ಬೆಕ್ಕಿನ ಬುಟ್ಟಿ, ಇನ್ನೊಂದರ ಮೇಲೆ ಬಟ್ಟೆ ಸುತ್ತಿದ ಸ್ಟೀಲ್ ಡಬ್ಬಿ. ತಮ್ಮ ಕಡೆಯಿಂದ ತಪ್ಪಾಗಿಲ್ಲ ಎಂದು ಡಾಕ್ಟರಿಗೆ ತೋರಿಸಬೇಕು, ಬೀದಿಯವರ ತಪ್ಪನ್ನು ಡಾಕ್ಟರ ಬಾಯಿಂದಲೇ ಹೇಳಿಸಬೇಕು ಎಂಬುದು ಅವರ ಹಟ. ತಿಮ್ಮಮ್ಮನವರು ಆ ಡಬ್ಬಿಯನ್ನು ಮನೆಯಲ್ಲೇ ಬಿಡುವಂತೆ ಎರಡು ಮೂರು ಸಲ ಹೇಳಿ ನೋಡಿದರು. ಅವರು ಕೇಳಲಿಲ್ಲ.

ಡಾಕ್ಟರು ಇಂಜೆಕ್ಷನ್ ಕೊಟ್ಟು, ರಕ್ತ ತೆಗೆದು, ಏನು ಹಾಕುತ್ತಿದ್ದೀರಿ ಎಂದು ಕೇಳಿದ್ದೇ ತಡ, ಮಂಟಯ್ಯನವರು ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಬಾಗಿಲಲ್ಲಿ ನಾಯಿಮರಿ ಹಿಡಿದು ನಿಂತಿದ್ದ ಹೆಂಗಸು ಹೊರಗೇ ಹೋದಳು. ನಾನು ಉಸಿರು ಹಿಡಿದೆ. ಕುಂಬಳದ ಹೋಳುಗಳ ಮೇಲೆ ನೊರೆ ಎದ್ದಿತ್ತು. ಮಂಟಯ್ಯನವರು ಮಾತ್ರ ಡಬ್ಬಿಯ ಮೇಲೆ ಬಾಗಿ, ದೀರ್ಘವಾಗಿ ಉಸಿರೆಳೆದುಕೊಂಡು, ತೃಪ್ತಿಯಿಂದ ತಲೆಯಾಡಿಸಿದರು.

"ಘಮ್ ಅಂತದೆ ನೋಡಿ ತಾಯಿ. ಒಂದು ತೊಟ್ಟು ಎಣ್ಣೆ ಇಲ್ಲ."

"ಸರ್, ಇದು ಕೊಳೆತುಹೋಗಿದೆ" ಎಂದರು ಡಾಕ್ಟರು.

"ಇರ್ಲಿ ಬುಡಿ" ಎಂದು ಅವರು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವು ಹೇಳಿ."

ಹಳಸಿದೆ ಎಂದೆ. ನನ್ನನ್ನೂ ನಂಬಲಿಲ್ಲ, ನಾನು ಮೊಟ್ಟೆಯ ಕೇಸಿನ ಆರೋಪಿಯಲ್ಲವೇ. ಕೊನೆಗೆ ಅವರು ಹೆಂಡತಿಯ ಕಡೆ ನೋಡಿದರು. ಆ ಬೀದಿಯಲ್ಲಿ ಅವರು ಅನುಮಾನಿಸದೆ ಬಿಟ್ಟಿದ್ದ ಒಂದೇ ಒಂದು ಜೀವ ಅದು. ತಿಮ್ಮಮ್ಮನವರು ಮುಂದೆ ಬಂದು ಡಬ್ಬಿಯ ಮುಚ್ಚಳ ಮುಚ್ಚಿದರು.

"ನಿಮ್ಮ ಮೂಗು ಕೊರೊನಾ ಬಂದಾಗ್ಲೇ ಹೋಯ್ತು ಕಣ್ರೀ. ಬೆಕ್ಕು ಇದನ್ನ ನಾಲಿಗೇಲೂ ಮುಟ್ತಿರ್ಲಿಲ್ಲ. ಹಸ್ಕೊಂಡು ಸಾಯ್ಲಿ ಅಂತ ಬುಡಕ್ಕಾಯ್ತದಾ? ನಾನೇ ಹಾಕ್ದೆ. ನಾನಿಲ್ಲದಾಗ ಪ್ರೇಮಮ್ಮನ ಕೈಲಿ ಹಾಕಿಸ್ದೆ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಮಂಟಯ್ಯನವರು ಕೋಟಿನ ಮೇಲಿನ ಗುಂಡಿಯನ್ನು ಬಿಚ್ಚಿದರು, ಮತ್ತೆ ಹಾಕಿಕೊಂಡರು. ಅವರು ಗದರುತ್ತಾರೆಂದು ನಾನು ಕಾದೆ. ಅವರ ದನಿ ಬಹಳ ಸಣ್ಣಗಿತ್ತು.

"ಮೂಗು ಹೋಗಿದ್ದು ನಂಗೊತ್ತಿತ್ತು. ನಿಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ."

ನನಗೆ ಅಳು ಬಂತು; ಹೇಳಲು ಸಂಕೋಚವೇನಿಲ್ಲ. ಇಷ್ಟು ವರ್ಷ ಒಬ್ಬರು ಬತ್ತಿದ ಮೂಗನ್ನು ಕೈಗಳಿಗೂ ಕಾಯಿಗಳಿಗೂ ಬೆಕ್ಕಿನ ಬಾಯಿಗೂ ಹಿಡಿದು ನಟಿಸುತ್ತಾ ಬಂದರು, ಇನ್ನೊಬ್ಬರು ಆ ನಟನೆಯನ್ನು ಕಾಪಾಡಲು ಅಡುಗೆಮನೆಯಲ್ಲಿ ಕಳ್ಳತನಕ್ಕೂ ಇಳಿದರು, ಇಬ್ಬರ ಮರ್ಯಾದೆಯ ಭಾರವೂ ಆ ಮೂಕಪ್ರಾಣಿಯ ಹೊಟ್ಟೆಯ ಮೇಲೆ ಬಿದ್ದಿತ್ತು. ಡಾಕ್ಟರು ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದರು: ಈಲಿ ಇನ್ನೂ ಪೂರ್ತಿ ಕೆಟ್ಟಿಲ್ಲ, ಆದರೆ ನೀವಿಬ್ಬರೂ ಒಂದೇ ಮಾತಿಗೆ ಬರದಿದ್ದರೆ ಈ ಬೆಕ್ಕು ಉಳಿಯುವುದಿಲ್ಲ.

ಮನೆಗೆ ಬಂದ ಮೇಲೆ ಗಂಡ ಹೆಂಡಿರು ಕೆಲವು ದಿನ ಮಾತು ಬಿಟ್ಟರು. ಮೇಲಿನ ಮಹಡಿಗೆ ಪಾತ್ರೆಗಳ ಸದ್ದು ಮಾತ್ರ ಕೇಳುತ್ತಿತ್ತು. ಬೀದಿಯಲ್ಲಿ ಎದುರಾದರೂ ಮಂಟಯ್ಯನವರು ಕೈ ಹಿಡಿಯುತ್ತಿರಲಿಲ್ಲ, ಎರಡೂ ಕೈ ಕೋಟಿನ ಜೇಬಿನಲ್ಲಿರುತ್ತಿದ್ದವು. ಹೆಂಡತಿಯೇ ಕಳ್ಳಿಯಾದ ಮೇಲೆ ಇನ್ನು ಯಾರನ್ನು ಹಿಡಿಯುವುದು ಎಂದು ಗೇಟನ್ನೇ ಬಿಟ್ಟುಕೊಟ್ಟ ಕಾವಲುಗಾರನಂತೆ ಅವರು ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಅವರು ಹಾಗೆಯೇ ಕುಳಿತುಬಿಡುತ್ತಾರೇನೋ ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ಒಂದು ಬೆಳಿಗ್ಗೆ ಅವರೇ ಎದ್ದು, ಅಂದಿಗೆ ಎಷ್ಟು ಬೇಕೋ ಅಷ್ಟೇ ಕುಂಬಳ, ಹುರುಳಿಕಾಯಿ, ಕೋಳಿ ಬೇಯಿಸಿ, ಬಟ್ಟಲನ್ನು ಹಿಡಿದುಕೊಂಡು ಹಿತ್ತಲಿಗೆ ಬಂದರು. ಬಟ್ಟೆ ಒಗೆಯುತ್ತಿದ್ದ ತಿಮ್ಮಮ್ಮನವರ ಮುಖದ ಮುಂದೆ ಅದನ್ನು ಹಿಡಿದು ನಿಂತರು. ತಿಮ್ಮಮ್ಮನವರು ಕೈ ಒರೆಸಿಕೊಂಡು, ಮೂಸಿ ನೋಡಿ, ಹಾಕಿ ಎಂದು ತಲೆಯಾಡಿಸಿದರು. ಅಂದಿನಿಂದ ಅದೇ ರೂಢಿಯಾಯಿತು. ಒಪ್ಪಿಗೆ ಸಿಗದೆ ಬಟ್ಟಲು ನೆಲ ಮುಟ್ಟುವುದಿಲ್ಲ, ಒಪ್ಪಿಗೆ ಕೊಟ್ಟ ಮೇಲೆ ತಿಮ್ಮಮ್ಮನವರು ಬೇರೇನನ್ನೂ ಹಾಕುವುದಿಲ್ಲ. ಜಮೇದಾರ ಮೊದಮೊದಲು ಬಟ್ಟಲ ಸುತ್ತ ಪ್ರದಕ್ಷಿಣೆ ಬಂದು, ಅರಚಿ, ಮುನಿಸಿಕೊಂಡು, ಕೊನೆಗೆ ಕೋಳಿಯ ಆಸೆಗೆ ಕುಂಬಳವನ್ನೂ ನುಂಗಲು ಕಲಿಯಿತು. ಈಗ ಮೆಟ್ಟಿಲ ತುದಿಯವರೆಗೆ ಬಂದು ನನ್ನ ಬಾಗಿಲನ್ನು ಕೆರೆಯುತ್ತದೆ.

ಹೋದ ವಾರ ತಿಮ್ಮಮ್ಮನವರಿಗೆ ವಿಪರೀತ ನೆಗಡಿ. ಮೂಗು ಕಟ್ಟಿ, ಮಾತೇ ಹೊರಡದಂತಾಗಿತ್ತು. ಬೆಳಿಗ್ಗೆ ಮೆಣಸಿನ ಕಷಾಯ ಮಾಡಿ ಅವರ ಕೈಗೆ ಕೊಟ್ಟವರು ಮಂಟಯ್ಯನವರೇ. ವಾಸನೆಯೂ ಇಲ್ಲ ರುಚಿಯೂ ಇಲ್ಲ ಎಂದು ತಿಮ್ಮಮ್ಮನವರು ಗೊಣಗಿದ್ದು ಮೇಲಿದ್ದ ನನಗೇ ಕೇಳಿಸಿತ್ತು. ಅರ್ಧ ಗಂಟೆಯ ನಂತರ ಮಂಟಯ್ಯನವರು ಎಂದಿನಂತೆ ಬಟ್ಟಲನ್ನು ಅವರ ಮುಖದ ಮುಂದೆ ಹಿಡಿದರು. ತಿಮ್ಮಮ್ಮನವರು ಬಾಗಿ, ಏನೂ ತಿಳಿಯದ ಮೂಗಿನಿಂದ ಗಂಭೀರವಾಗಿ ಮೂಸಿ, "ಚೆನ್ನಾಗದೆ, ಹಾಕಿ" ಎಂದರು. ಮಂಟಯ್ಯನವರು ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

ಎದುರಾದವರನ್ನೆಲ್ಲ ನಂಬುವ ನನ್ನಂಥವರು ನಮ್ಮನ್ನು ದೊಡ್ಡ ಮನಸ್ಸಿನವರೆಂದು ತಿಳಿದುಕೊಂಡಿರುತ್ತೇವೆ; ನಿಜ ಹೇಳಬೇಕೆಂದರೆ ನಾವು ಪರೀಕ್ಷಿಸುವ ಶ್ರಮವನ್ನು ಉಳಿಸಿಕೊಂಡವರು, ನಮ್ಮ ನಂಬಿಕೆಯಿಂದ ಯಾರಿಗೂ ಅಂಥ ಉಪಕಾರವೇನಿಲ್ಲ. ಸಂಶಯವನ್ನೇ ಉಸಿರಾಡಿದ ಮಂಟಯ್ಯನವರಂಥವರ ಜಾತಿ ಬೇರೆ. ಅವರ ಜೊತೆ ಬಾಳುವುದು ಕಷ್ಟ, ಅವರ ಪಕ್ಕದಲ್ಲಿ ಮೊಟ್ಟೆ ಬೇಯಿಸುವುದೂ ಕಷ್ಟ. ಆದರೆ ಅವರು ಒಬ್ಬರನ್ನು ನಂಬಲು ತೀರ್ಮಾನಿಸಿದರೆಂದರೆ, ಆ ಒಬ್ಬರು ತಮ್ಮ ಕಣ್ಣೆದುರೇ ಸುಳ್ಳು ಹೇಳುತ್ತಿದ್ದಾರೆಂದು ಚೆನ್ನಾಗಿ ಬಲ್ಲವರಾಗಿಯೂ, ಒಂದು ಮಾತೂ ಆಡದೆ ಬಾಗಿ, ಬಟ್ಟಲನ್ನು ಬೆಕ್ಕಿನ ಮುಂದೆ ಇಡುತ್ತಾರೆ.