ಎದೆಯೊಳಗಿನ ತರಕಾರಿ

ನಮ್ಮ ಯಜಮಾನರು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಆಸಾಮಿ. ಮಾರ್ಕೆಟ್ಟಿನಲ್ಲಿ ತರಕಾರಿ ಅಂಗಡಿ. ಬೆಳಗಿಂದ ಸಂಜೆವರೆಗೂ ಕೂಗಿ ಕೂಗಿ, ಮನೆಗೆ ಬಂದು ನೀರು ಕೇಳಿದ್ರೂ ಬೀದಿಗೆಲ್ಲ ಕೇಳಿಸುತ್ತೆ. ಅಂಥ ಮನುಷ್ಯ ಆಸ್ಪತ್ರೆ ಮಂಚದ ಮೇಲೆ ಗೋಡೆ ಕಡೆ ತಿರುಗಿ ಸುಮ್ಮನೆ ಮಲಗಿಬಿಟ್ರೆ ನನ್ನ ಜೀವ ಹೇಗಾಗಿರಬೇಕು, ಹೇಳಿ.

ಹೃದಯದ ಒಂದು ವಾಲ್ವ್ ಕೆಟ್ಟು, ಎದೆ ಕೊಯ್ದು ಬೇರೆ ಹಾಕಿಸಿ ಕೆಲವು ವರ್ಷ ಆಗಿತ್ತು. ಆಮೇಲೆ ಕಲ್ಲುಗುಂಡಿನ ಹಾಗಿದ್ರು. ಈ ಸಲ ಕರುಳು ತೂತಾಗಿ ಹೊಟ್ಟೆ ಆಪರೇಷನ್ ಆಯ್ತು. ವಾರಗಟ್ಟಲೆ ಬಾಯಿಗೆ ಏನೂ ಇಲ್ಲ. ಕತ್ತಿನ ನರಕ್ಕೆ ಪೈಪು ಹಾಕಿ ಅದರಲ್ಲೇ ಊಟ, ಅದರಲ್ಲೇ ಔಷಧಿ. ಅಂತೂ ಇಂತೂ ಮನೆಗೆ ಬಂದ್ವಿ, ಹಿಂದೇನೇ ಜ್ವರವೂ ಬಂತು. ಮಾತ್ರೆ ನುಂಗಿದ್ರೆ ಬಿಡೋದು, ಸಂಜೆಗೆ ಮತ್ತೆ ನಡುಕ. "ಹವಾ ಬದಲಾಗಿದೆ ಅಷ್ಟೇ, ನಿನ್ನದೊಂದು ರಗಳೆ" ಅಂತ ಇವರು. ಕಾಲಿನ ಹೆಬ್ಬೆರಳು ಇದ್ದಕ್ಕಿದ್ದ ಹಾಗೆ ನೇರಳೆ ಬಣ್ಣಕ್ಕೆ ತಿರುಗಿದಾಗ ಮಾತ್ರ ನಾನು ಕೇಳಲಿಲ್ಲ, ಆಟೋ ಹತ್ತಿಸಿ ಮತ್ತೆ ಆಸ್ಪತ್ರೆಗೆ ಎಳ್ಕೊಂಡು ಬಂದೆ.

ರಕ್ತ ಪರೀಕ್ಷೆ, ಸ್ಕ್ಯಾನು ಎಲ್ಲ ಆಯ್ತು. ನಾನು ಔಷಧಿ ತರೋಕೆ ಕೆಳಗೆ ಹೋಗಿದ್ದಾಗ ಡಾಕ್ಟ್ರಮ್ಮ ಬಂದು, "ವಾಲ್ವ್ ಮೇಲೆ ವೆಜಿಟೇಷನ್ ಬೆಳೆದಿದೆ, ಆಮೇಲೆ ಬಂದು ಮಾತಾಡ್ತೀನಿ" ಅಂತ ಹೇಳಿ ಹೋದ್ರಂತೆ. ನಾನು ವಾಪಸ್ ಬರೋ ಹೊತ್ತಿಗೆ ಇವರ ಮುಖ ಸುಣ್ಣ ಬಳಿದ ಹಾಗಿತ್ತು.

"ಜೀವಮಾನವೆಲ್ಲ ತರಕಾರಿ ಮಾರಿದ್ದಕ್ಕೆ ಎದೆಯೊಳಗೇ ತರಕಾರಿ ಬೆಳೆದಿದೆಯಂತೆ ಕಣೇ!"

ನನಗೆ ಹೇಳೋ ಮೊದಲೇ ತಮ್ಮ ಅಮ್ಮನಿಗೆ ಫೋನ್ ಮಾಡಿ ಆಗಿತ್ತು. ನಾನು ಮನೆಗೆ ಮಾಡಿದ್ರೆ ಅತ್ತೆ, "ಒಂದು ಈರುಳ್ಳಿ ಸಿಪ್ಪೆನೂ ಉಳಿಸಿಲ್ಲಮ್ಮ, ಎಲ್ಲ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ" ಅಂದ್ರು.

"ಅವರ ಎದೇಲಿ ಬೆಳೆದ್ರೆ ಪರವಾಗಿಲ್ವಾ ಅತ್ತೆ?"

ಪಾಪ, ಅಷ್ಟು ಯೋಚನೆ ಮಾಡಿರಲಿಲ್ಲ ಅವರು.

ಡಾಕ್ಟ್ರಮ್ಮ ವಾಪಸ್ ಬಂದು ಇದನ್ನ ಕೇಳಿ ನಕ್ಕು ನಕ್ಕು ಕಣ್ಣೊರೆಸಿಕೊಂಡ್ರು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು ಬಿಡಿಸಿ ಹೇಳಿದ್ರು. "ತರಕಾರಿ ಅಲ್ಲ ಯಜಮಾನ್ರೇ, ಅದು ನಮ್ಮ ಡಾಕ್ಟರುಗಳ ಭಾಷೆ. ಇದು ಫಂಗಸ್, ಬೂಷ್ಟಿನ ಕುಲದ್ದೇ. ನಮ್ಮೆಲ್ಲರ ಚರ್ಮದ ಮೇಲೆ, ಕರುಳಲ್ಲಿ ತನ್ನ ಪಾಡಿಗೆ ತಾನಿರುತ್ತೆ. ನಿಮಗೆ ಕರುಳು ತೂತಾಯ್ತು, ಕತ್ತಿಗೆ ಪೈಪು ಬಂತು. ಇದನ್ನ ಅಂಕೆಯಲ್ಲಿಟ್ಟಿದ್ದ ಒಳ್ಳೆ ಕ್ರಿಮಿಗಳೂ ಆ್ಯಂಟಿಬಯೋಟಿಕ್‌ಗೆ ಸತ್ತವು. ದಾರಿ ಸಿಕ್ತು, ರಕ್ತಕ್ಕೆ ಇಳೀತು. ಹುಟ್ಟಿನಿಂದ ಬಂದ ವಾಲ್ವ್ ನುಣ್ಣಗಿರುತ್ತೆ, ಸುಲಭಕ್ಕೆ ಏನೂ ಅಂಟಲ್ಲ. ನಿಮ್ಮದು ಹೊಲಿದು ಕೂರಿಸಿದ್ದು, ಅಂಚಲ್ಲಿ ಒಂಚೂರು ರಕ್ತ ಹೆಪ್ಪುಗಟ್ಟುತ್ತೆ. ಫಂಗಸ್ ಅಲ್ಲಿ ಕೂತುಬಿಡ್ತು. ಅದರ ಮೇಲೆ ಮತ್ತೆ ಹೆಪ್ಪು, ಮತ್ತೆ ಫಂಗಸ್. ಹೀಗೆ ಪದರ ಪದರವಾಗಿ ಗಂಟು ಕಟ್ಟಿದೆ."

"ಬೂಷ್ಟು ತಾನೇ? ಔಷಧಿ ಹಾಕಿ ತೊಳೀರಿ" ಅಂದ್ರು ನಮ್ಮೋರು.

"ಔಷಧಿ ಮೇಲ್ಮೇಲಷ್ಟೇ ತಾಗುತ್ತೆ, ಗಂಟಿನ ಒಳಗೆ ಇಳಿಯಲ್ಲ. ಅದರದೇ ಒಂದು ಚೂರು ಉದುರಿ ಹೆಬ್ಬೆರಳಿಗೆ ಹೋಗಿದೆ. ಮುಂದಿನ ಚೂರು ಮಿದುಳಿಗೆ ಹೋದ್ರೆ ನನ್ನ ಕೈಲಿ ಏನೂ ಇರಲ್ಲ. ಎದೆ ಮತ್ತೆ ತೆಗೆದು ವಾಲ್ವ್ ಬದಲಾಯಿಸಲೇಬೇಕು."

"ಆಗಲ್ಲ" ಅಂತ ಹೇಳಿ ಇವರು ಗೋಡೆ ಕಡೆ ತಿರುಗಿದ್ರು. "ಯೋಚನೆ ಮಾಡಿ, ಆದ್ರೆ ತಡ ಮಾಡಬೇಡಿ" ಅಂತ ಡಾಕ್ಟ್ರಮ್ಮ ಎದ್ದು ಹೋದ್ರು.

ನನಗೆ ಮೈಯೆಲ್ಲ ಉರಿದುಹೋಯ್ತು. "ರೀ, ಅಂಗಡೀಲಿ ಕುಂಬಳಕಾಯಿಗೆ ಬೂಷ್ಟು ಹಿಡಿದ್ರೆ ಏನ್ಮಾಡ್ತೀರಿ?"

"ಆ ಭಾಗ ಕೊಯ್ದು ಎಸೀತೀನಿ" ಅಂದ್ರು, ಯೋಚನೆನೇ ಮಾಡದೆ. ಆಮೇಲೆ ಸಿಕ್ಕಿಬಿದ್ದೆ ಅಂತ ಅವರಿಗೆ ಗೊತ್ತಾಯ್ತು. ನಾನೂ ಗೆದ್ದೆ ಅಂದುಕೊಂಡೆ.

"ಕುಂಬಳಕಾಯಿಗೆ ನೋವಾಗಲ್ಲ ಕಣೇ."

ಎಷ್ಟು ಮೆಲ್ಲಗೆ ಅಂದ್ರು ಅಂದ್ರೆ ನಾನು ಬಗ್ಗಿ ಕೇಳಿಸಿಕೊಳ್ಳಬೇಕಾಯ್ತು. "ಹೋದ ಸಲ ಎಚ್ಚರ ಆದಾಗ ಬಾಯಲ್ಲಿ ಪೈಪಿತ್ತು. ನಿನ್ನ ಕೂಗೋಣ ಅಂದ್ರೆ ದನೀನೇ ಇಲ್ಲ. ಸತ್ತೇ ಹೋಗಿದೀನಿ ಅಂದುಕೊಂಡೆ. ಹೆದರಿಕೆ ಆಗುತ್ತೆ ಕಣೇ."

ಮದುವೆಯಾದಾಗಿಂದ ಈ ಮನುಷ್ಯನ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ಅವರ ಕೈ ಹಿಡ್ಕೊಂಡು, "ನನಗೂ ಹೆದರಿಕೆನೇ ರೀ. ನೀವು ಹೋಗಿಬಿಟ್ರೆ ನಾನು ಯಾರ ಜೊತೆ ಜಗಳ ಆಡ್ಲಿ?" ಅಂತ ಅತ್ತುಬಿಟ್ಟೆ.

ಇವರು ಮೂಗೊರೆಸಿಕೊಂಡು, "ಡಾಕ್ಟ್ರಮ್ಮನ್ನ ಕರಿ. ಆದ್ರೆ ಕಣ್ಣು ಬಿಟ್ಟಾಗ ನೀನು ಎದುರಿಗಿರಬೇಕು" ಅಂದ್ರು.

ಇದ್ದೆ. ಒಳಗೆ ಬಿಡಲ್ಲ ಅಂದ ನರ್ಸಮ್ಮನ ಹತ್ರ ಜಗಳ ಆಡಿ, ಡಾಕ್ಟ್ರಮ್ಮನಿಂದ ಹೇಳಿಸಿ, ತಲೆಗೆ ಕಾಲಿಗೆಲ್ಲ ಬಟ್ಟೆ ಸುತ್ಕೊಂಡು ಎದುರಿಗೇ ನಿಂತಿದ್ದೆ. ಕಣ್ಣು ಬಿಟ್ರು, ಪೈಪು ಕಂಡು ಗಾಬರಿಯಾದ್ರು. ಅವರು ಮಾತಾಡೋ ಹಾಗಿರಲಿಲ್ಲವಲ್ಲ, ಇಬ್ಬರ ಮಾತೂ ನಾನೇ ಆಡಿದೆ. ಕಣ್ಣಲ್ಲೇ 'ಸಾಕು ನಿಲ್ಸೇ' ಅಂದ್ರು. ಬದುಕಿದೆಯಾ ಬಡಜೀವವೇ ಅಂದುಕೊಂಡೆ.

ಈ ಸಲ ಹಾಕಿರೋದು ಲೋಹದ ವಾಲ್ವ್. ಫಂಗಸ್ಸಿನ ಮಾತ್ರೆ ಇನ್ನು ಕೊನೆವರೆಗೂ ನುಂಗಬೇಕಂತೆ, ನುಂಗ್ಲಿ ಬಿಡಿ, ನಾನಿದೀನಲ್ಲ ನುಂಗಿಸೋಕೆ.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಊಟ ಮಾಡಿ ಕುರ್ಚೀಲೇ ನಿದ್ದೆ ಹೋದ್ರು. ಬಾಗಿ ತಲೆದಿಂಬು ಸರಿಮಾಡುವಾಗ ಅವರ ಎದೆಯಿಂದ ಟಿಕ್ ಟಿಕ್ ಅಂತ ಏನೋ ಕೇಳಿಸಿತು. ವಾಲ್ವಿನ ಸದ್ದು. ಫ್ಯಾನ್ ಗಲಾಟೇಲಿ ಅರ್ಧಂಬರ್ಧ. ಎದ್ದು ಫ್ಯಾನ್ ಆರಿಸಿ ಪಕ್ಕದಲ್ಲೇ ಕೂತೆ.

ಒಳಗಿಂದ ಅತ್ತೆ ಬಂದ್ರು. "ಈ ಸೆಕೆಗೆ ಫ್ಯಾನ್ ಯಾಕಮ್ಮ ಆರಿಸಿದೆ, ನನ್ನ ಮಗ ಬೆವರಲ್ವಾ?"

"ಶ್, ಕೇಳಿ ಅತ್ತೆ."

ಅತ್ತೆ ಕಿವಿಗೊಟ್ಟು ನಿಂತ್ರು. ಕೇಳಿಸಿತು ಅಂತ ಮುಖ ನೋಡಿದ್ರೇ ಗೊತ್ತಾಯ್ತು. ಹಣೆ ಬೆವರು ಒರೆಸಿಕೊಂಡು, ನನ್ನ ಪಕ್ಕ ನೆಲದ ಮೇಲೆ ಕೂತ್ಕೊಂಡ್ರು. ಯಜಮಾನರು ಏಳೋವರೆಗೂ ನಾವಿಬ್ಬರೂ ಫ್ಯಾನ್ ಹಾಕಲಿಲ್ಲ.