ಬಾಡಿಗೆ ಅಕ್ಷರ ನಂಬಿ ಕಾಲುವೆಗೆ ಬಿಟ್ಟ ವಹಿ

ನಮ್ಮ ಕಡೆಯ ಯಾವ ತಾಯಿಯನ್ನಾದರೂ ಕೇಳಿ ನೋಡಿ, ನಿನ್ನ ಮಗಳು ಹುಟ್ಟಿದ್ದು ಯಾವಾಗ ಎಂದು. "ಮುದಗಲ್ಲಿನ ಅಲಾಯಿ ಹಬ್ಬ ಆಗಿ ಮೂರು ದಿನಕ್ಕ" ಅನ್ನುತ್ತಾಳೆ. "ಕಾಲುವಿ ಒಡದು ನೆಲ್ಲು ಮುಳುಗಿದ ವರ್ಷ" ಅನ್ನುತ್ತಾಳೆ. ತಾಯಿಗೆ ಅಷ್ಟು ಸಾಕು, ಕಚೇರಿಗೆ ಸಾಲದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಮಗುವಿನ ಎತ್ತರ ನೋಡಿ ಜೂನ್ ಒಂದು ಎಂದು ಬರೆದುಕೊಳ್ಳುತ್ತಾರೆ. ಹಾಗಾಗಿ ಅರ್ಧ ತಾಲ್ಲೂಕು ಜೂನ್ ಒಂದಕ್ಕೇ ಹುಟ್ಟಿದೆ.

ಬಳಗಾನೂರಿನವರಿಗೆ ಮಾತ್ರ ಈ ತಾಪತ್ರಯ ಇರಲಿಲ್ಲ. ಅಲ್ಲಿ ಸೂಲಗಿತ್ತಿ ಯಮನಮ್ಮ ಇದ್ದಳು. ಓದು ಬರಹ ಬಾರದ ಹೆಂಗಸು. ಆದರೆ ಪ್ರತಿ ಹೆರಿಗೆ ಮುಗಿಸಿ ಮನೆಗೆ ಬಂದವಳೇ ವಹಿ ತೆಗೆಸುತ್ತಿದ್ದಳು. ಮೊದಲು ಗಂಡ ಬರೆಯುತ್ತಿದ್ದ, ಅವನು ತೀರಿಹೋದ ಮೇಲೆ ಸೊಸೆ ಅಮರಮ್ಮ ಬರೆಯುತ್ತಿದ್ದಳು. ತಾರೀಖು, ವಾರ, ತಾಯಿಯ ಹೆಸರು, ಗಂಡೋ ಹೆಣ್ಣೋ, ಕಂದೀಲು ಹಿಡಿದವರು ಯಾರು, ಎಲ್ಲವೂ ಆ ಕೆಂಪು ರಟ್ಟಿನ ವಹಿಯಲ್ಲಿತ್ತು. ಒಟ್ಟು ನಾನೂರ ಹನ್ನೆರಡು ಕೂಸುಗಳು. ಯಾರಿಗಾದರೂ ವಯಸ್ಸಿನ ಪುರಾವೆ ಬೇಕಾದರೆ ಅಮರಮ್ಮ ವಹಿ ನೋಡಿ ಚೀಟಿ ಬರೆಯುತ್ತಿದ್ದಳು, ಯಮನಮ್ಮ ಹೆಬ್ಬೆಟ್ಟು ಒತ್ತುತ್ತಿದ್ದಳು. ಸಿಂಧನೂರಿನ ಕಚೇರಿಯಲ್ಲಿ ಆ ಚೀಟಿಗೆ ಬೆಲೆ ಇತ್ತು.

ನಾನು ಮಾಬುಬೀ. ಲಿಂಗಸುಗೂರಿನ ಬಸ್ ನಿಲ್ದಾಣದ ಹಿಂದೆ ಟೈಪಿಂಗ್ ಕಲಿಸುತ್ತೇನೆ, ಐದಾರು ವರ್ಷದಿಂದ ಕಂಪ್ಯೂಟರನ್ನೂ ಕಲಿಸುತ್ತೇನೆ. ಯಮನಮ್ಮನ ಮಗ, ಅಂದರೆ ಅಮರಮ್ಮನ ಗಂಡ, ಯಂಕೋಬ ನನ್ನ ಹತ್ತಿರವೇ ಕಲಿತವನು. ತೊಂಬತ್ತಾರರ ಜೂನ್‌ನಲ್ಲಿ ಅವನು ಮಸ್ಕಿಯಲ್ಲಿ ಲಗ್ನಪತ್ರ, ಕರಪತ್ರ ಮಾಡಿಕೊಡುವ ಅಂಗಡಿ ತೆರೆದ. ನಾನೂ ಹೋಗಿದ್ದೆ. ಕನ್ನಡ ಅಕ್ಷರದ ಸಾಫ್ಟ್‌ವೇರ್ ಮಾರುವ ಏಜೆಂಟ್ ಗೋಪಣ್ಣ ಅಲ್ಲಿ ಚಹಾ ಕುಡಿಯುತ್ತ ಕೂತಿದ್ದ.

"ಒಮ್ಮಿಗೇ ತಗೊಂಡ್ರ ಒಂಬತ್ತು ಸಾವಿರ, ಜೀವನಪರ್ಯಂತ ನಿಮ್ದ" ಎಂದ ಗೋಪಣ್ಣ. "ಅಷ್ಟು ಆಗಂಗಿಲ್ಲಂದ್ರ ವರ್ಷಕ್ಕ ಹನ್ನೆರಡು ನೂರು ಬಾಡಿಗಿ. ಪ್ರತಿ ಜೂನ್‌ದಾಗ ನಾನ ಬಂದು ಕೀಲಿ ಹಾಕಿ ಹೋಗ್ತೀನ್ರೀ."

ಕೀಲಿ ಅಂದರೆ ಒಂದು ಫ್ಲಾಪಿ. ಅದನ್ನು ಹಾಕಿದರೆ ಸಾಫ್ಟ್‌ವೇರ್ ಮತ್ತೊಂದು ವರ್ಷ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ.

"ಒಂದು ಮಾತು ಹೇಳು ಗೋಪಣ್ಣ" ಎಂದೆ. "ಕೀಲಿ ಬರಲಿಲ್ಲಂದ್ರ ಹಿಂದ ಬರದಿದ್ದು ಏನಾಗ್ತೈತಿ?"

"ಯಾಕ ಬರಂಗಿಲ್ರೀ ಅಕ್ಕಾರ? ನಾ ಇದೀನಲ್ಲ."

ನಾನು ಕೇಳಿದ್ದಕ್ಕೆ ಅದು ಜವಾಬಲ್ಲ. ಅದು ನನಗೂ ಗೊತ್ತಾಯಿತು. ಆದರೆ ಯಂಕೋಬ ಬಾಡಿಗೆ ಕಡೆಗೇ ವಾಲಿದ್ದ.

"ಹಾಸಿಗಿ ಇದ್ದಷ್ಟು ಕಾಲು ಚಾಚಬೇಕ್ರೀ ಅಕ್ಕಾರ. ಈ ಅಂಗಡೀನೂ ಬಾಡಿಗಿದ ಐತಿ. ನಾಳೆ ಬಿಟ್ಟು ಹೊಂಟ್ರ ನಮ್ಮ ಸಾಮಾನು ನಮ್ಮ ಕೂಡ ಬರ್ತಾವಲ್ಲ?"

"ಸಾಮಾನು ಒಳಗಿಟ್ಟು ಮಾಲಕ ಬೀಗ ಹಾಕಿದ್ರ?"

"ಹಂಗೆಲ್ಲಿ ಮಾಡ್ತಾರ ಬಿಡ್ರೀ. ನೀವು ಎಲ್ಲಾದಕ್ಕೂ ಸಂಶಯ ಪಡ್ತೀರಿ."

ನಾನು ಅಲ್ಲಿಗೇ ಬಿಟ್ಟೆ. ಅವನ ದುಡ್ಡು, ಅವನ ಅಂಗಡಿ. ಐದೂವರೆ ಬಸ್ಸು ಹಿಡಿಯುವ ಅವಸರ ಬೇರೆ. ಇವತ್ತಿಗೂ ಆ ಬಸ್ಸನ್ನು ನೆನೆಸಿಕೊಂಡರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಹೇಳಿದ ಹಾಗೆ ಗೋಪಣ್ಣ ಬಂದ, ಕೀಲಿ ಹಾಕಿದ, ಹೋದ. ತೊಂಬತ್ತೆಂಟರಲ್ಲಿ ಯಮನಮ್ಮನ ವಹಿಗೆ ಗೆದ್ದಲು ಹತ್ತಿತು. ಅಂಚು ಉದುರತೊಡಗಿತು. ಅಮರಮ್ಮ ಗಾಬರಿಯಾಗಿ ವಹಿಯನ್ನು ಸೀರೆಯಲ್ಲಿ ಸುತ್ತಿಕೊಂಡು ಮಸ್ಕಿಗೆ ತಂದಳು. ದಿನಾ ಮನೆಗೆಲಸ ಮುಗಿಸಿ, ಬಳಗಾನೂರಿನ ಬಸ್ಸು ಹಿಡಿದು ಬಂದು, ಒಂದೊಂದೇ ಕೂಸಿನ ಹೆಸರು ಕಂಪ್ಯೂಟರಿಗೆ ಹೊಡೆದಳು. ಎರಡು ತಿಂಗಳು ಬೇಕಾಯಿತು. ಏಳನೇ ಇಯತ್ತೆ ಓದಿದವಳು, ಒಂದು ತಾರೀಖು ತಪ್ಪಲಿಲ್ಲ.

ಯಂಕೋಬ ಮೊದಲನೇ ಹಾಳೆಯನ್ನು ಮಾತ್ರ ಪ್ರಿಂಟ್ ತೆಗೆದು, ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ನೇತುಹಾಕಿದ. ಬಂದವರಿಗೆಲ್ಲ ತೋರಿಸಿದ.

"ಉಳಿದಿದ್ದೂ ತೆಗಿಯೋ" ಎಂದೆ.

"ಸುಮ್ನ ರಿಬ್ಬನ್ ಯಾಕ ಸವಸಬೇಕ್ರೀ? ಕಂಪ್ಯೂಟರಿನಾಗ ಐತಲ್ಲ. ಗೆದ್ದಲು ಹತ್ತಂಗಿಲ್ಲ, ನೀರು ಹತ್ತಂಗಿಲ್ಲ."

ಇನ್ನು ಹಳೆಯ ವಹಿಯ ಮಾತು. ನಮ್ಮ ಕಡೆ ಅಕ್ಷರ ಇದ್ದ ಕಾಗದವನ್ನು ತುಳಿಯುವುದಿಲ್ಲ, ಸುಡುವುದಿಲ್ಲ. ಹಳೆಯದಾದರೆ ಹರಿಯುವ ನೀರಿಗೆ ಬಿಡುತ್ತಾರೆ. ನಮ್ಮ ಮುಸಲ್ಮಾನರೂ ಹಾಗೆಯೇ ಮಾಡುತ್ತಾರೆ. ಆಗಸ್ಟ್‌ನಲ್ಲಿ ಕಾಲುವೆ ತುಂಬಿ ಹರಿಯುತ್ತಿತ್ತು.

"ಇರ್ಲಿ ಬಿಡ್ರೀ ಅತ್ತಿ, ಒಂದು ಡಬ್ಬಿಯಾಗ ಹಾಕಿಡಾಮು" ಎಂದಳು ಅಮರಮ್ಮ.

"ಗೆದ್ದಲು ಹತ್ತಿದ್ದು ಮನ್ಯಾಗಿಟ್ರ ಬಾಗಲಾನೂ ಬಿಡಂಗಿಲ್ಲ" ಎಂದ ಯಂಕೋಬ.

ಯಮನಮ್ಮ ಸ್ವಲ್ಪ ಹೊತ್ತು ವಹಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. "ಎಲ್ಲಾ ಕೂಸು ಅದರಾಗ ಹೋದವೇನೋ?" ಎಂದು ಕೇಳಿದಳು. ಮಗ ಹೌದೆಂದ. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ವಹಿಯನ್ನು ಕಾಲುವೆಗೆ ಬಿಟ್ಟರು. ಮನೆಯಲ್ಲಿ ಹೋಳಿಗೆ ಮಾಡಿದ್ದರು. ನಾನೂ ಉಂಡು ಬಂದೆ.

ಮರುವರ್ಷ ಜೂನ್ ಕಡೆಯ ವಾರ. ಬಳಗಾನೂರಿನ ಕೂಲಿ ಹೆಂಗಸು ಮಾರೆಮ್ಮ ತನ್ನ ಮಗಳು ಗ್ಯಾನಮ್ಮನನ್ನು ಕರೆದುಕೊಂಡು ಮಸ್ಕಿಯ ಅಂಗಡಿಗೆ ಬಂದಳು. ಹುಡುಗಿ ಹತ್ತನೇ ಇಯತ್ತೆ ಪಾಸಾಗಿದ್ದಳು. ನರ್ಸ್ ತರಬೇತಿಗೆ ಅರ್ಜಿ ಹಾಕಬೇಕು, ಅದಕ್ಕೆ ಹದಿನೇಳು ತುಂಬಿರಬೇಕು. ಶಾಲೆಯ ಜೂನ್ ಒಂದರ ಲೆಕ್ಕದಲ್ಲಿ ಅವಳಿಗೆ ಹದಿನಾರು. ಮಾರೆಮ್ಮನ ಅಂದಾಜಿಗೆ ಹದಿನೆಂಟು ಆಗಿತ್ತು. ಅರ್ಜಿಗೆ ಸೋಮವಾರ ಕಡೆಯ ದಿನ. ಅವತ್ತು ಶುಕ್ರವಾರ.

"ಸೀಟು ಸಿಕ್ರ ಓದಸ್ತೀನಿ, ಸಿಗಲಿಲ್ಲಂದ್ರ ಶ್ರಾವಣದಾಗ ಲಗ್ನ ಅಂದಾರ ಅವರಪ್ಪ" ಎಂದಳು ಮಾರೆಮ್ಮ. "ಒಂದು ಚೀಟಿ ಬರಕೊಡವ್ವಾ ಅಮರಮ್ಮ, ನಿನಗ ಪುಣ್ಯ ಬರ್ತೈತಿ."

ಅಮರಮ್ಮ ಕಂಪ್ಯೂಟರ್ ಹಾಕಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬಂತು. ಮುದ್ದತ್ತು ಮುಗಿದಿದೆ. ಹೊಸ ಕೀಲಿ ಹಾಕಿ.

ಆ ಜೂನ್‌ನಲ್ಲಿ ಗೋಪಣ್ಣ ಬಂದಿರಲಿಲ್ಲ. ಲಗ್ನದ ಹಂಗಾಮು ಮುಗಿದಿತ್ತು, ಯಂಕೋಬನೂ ಗಮನ ಕೊಟ್ಟಿರಲಿಲ್ಲ. ಓಡಿ ಹೋಗಿ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ. ಗೋಪಣ್ಣ ಆ ಕೆಲಸ ಬಿಟ್ಟು ಸಿಂಧನೂರಿನಲ್ಲಿ ಗೊಬ್ಬರ ಮಾರುತ್ತಿದ್ದ. "ನನಗೇನು ಸಂಬಂಧಿಲ್ರೀ ಈಗ, ಕಂಪನೀನ ಕೇಳ್ರಿ" ಎಂದ. ಕಂಪನಿಗೆ ಮಾಡಿದರೆ ಒಬ್ಬಳು ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು, ಆ ಸಾಫ್ಟ್‌ವೇರ್ ನಿಲ್ಲಿಸಿದ್ದೇವೆ, ಹೊಸದು ಹದಿನಾಲ್ಕು ಸಾವಿರ, ಹಳೆಯ ಬರಹ ಅದರಲ್ಲಿ ತೆರೆಯುವುದಿಲ್ಲ.

"ಹನ್ನೆರಡು ನೂರು ಈಗ ಕಳಸ್ತೀನ್ರೀ, ಬೇಕಂದ್ರ ಎರಡು ವರ್ಷದ್ದು ಕಳಸ್ತೀನಿ, ಕೀಲಿ ಕೊಡ್ರಿ" ಎಂದ ಯಂಕೋಬ. ಕೊಡುವ ಕೈ ಇತ್ತು, ಇಸಿದುಕೊಳ್ಳುವ ಕೈ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅಮರಮ್ಮ ವಹಿಯ ಬರಹ ಇಳಿಸಿಕೊಂಡ ಫ್ಲಾಪಿಯನ್ನು ಎದೆಗವಚಿಕೊಂಡು ನನ್ನ ಹತ್ತಿರ ಲಿಂಗಸುಗೂರಿಗೆ ಬಂದಳು. ನಾನು ಅದೇ ಸಾಫ್ಟ್‌ವೇರನ್ನು ಮೂರು ವರ್ಷದ ಹಿಂದೆ ಜೀವನಪರ್ಯಂತಕ್ಕೆ ಕೊಂಡವಳು. ಕೊಂಡು ಮೀಸೆ ತಿರುವಿದವಳು ಅನ್ನಬೇಕು, ಮೀಸೆ ಇಲ್ಲ ಅಷ್ಟೇ. ಜೀವನಪರ್ಯಂತ ಅಂದರೆ ನನ್ನ ಜೀವನ ಅಂದುಕೊಂಡಿದ್ದೆ. ಅದು ಆ ಒಂದು ಕಂಪ್ಯೂಟರಿನ ಜೀವನವಂತೆ. ಹಿಂದಿನ ಬೇಸಿಗೆಯಲ್ಲಿ ಸಿಡಿಲಿಗೆ ಕಂಪ್ಯೂಟರ್ ಸುಟ್ಟಿತು, ಜೊತೆಗೆ ಜೀವನಪರ್ಯಂತವೂ ಮುಗಿಯಿತು. ಆಮೇಲೆ ಬೇರೆ ಕಂಪನಿಯದು ಕೊಂಡಿದ್ದೆ. ಅದರಲ್ಲಿ ಅಮರಮ್ಮನ ಫ್ಲಾಪಿ ಹಾಕಿದೆ. ಗುರುತು ಸಿಗದ ಚಿಹ್ನೆಗಳು ಸಾಲುಸಾಲಾಗಿ ಬಂದವು, ಕೋಳಿ ಕೆದರಿದ ಹಾಗೆ. ಮಸ್ಕಿಗೆ ಹೋಗಿ ಯಂಕೋಬನ ಕಂಪ್ಯೂಟರಿನ ತಾರೀಖನ್ನು ಹಿಂದಕ್ಕೆ ತಿರುಗಿಸಿ ನೋಡಿದೆ. ಅದಕ್ಕೂ ಜಗ್ಗಲಿಲ್ಲ.

ಗೋಡೆಯ ಮೇಲೆ ಕಟ್ಟು ಹಾಕಿದ ಹಾಳೆ ಇತ್ತು. ಅದರಲ್ಲಿ ಇಪ್ಪತ್ತೆಂಟು ಕೂಸುಗಳು. ಎಲ್ಲರೂ ಈಗ ಮಕ್ಕಳ ಲಗ್ನ ಮಾಡಿದವರು. ಗ್ಯಾನಮ್ಮ ಅದರಲ್ಲಿರಲಿಲ್ಲ.

ಉಳಿದದ್ದು ಯಮನಮ್ಮನ ನೆನಪು. ಭಾನುವಾರ ಎಲ್ಲರೂ ಅವಳ ಮುಂದೆ ಕೂತೆವು.

"ನೆನಪೈತಿ" ಎಂದಳು ಯಮನಮ್ಮ. "ಮಳಿ ಹಿಡದಿತ್ತು. ಕಂದೀಲ ಮಾರೆಮ್ಮನ ಅತ್ತಿ ಹಿಡದಿದ್ಲು. ಕೂಸಿನ ಕೊರಳಿಗೆ ಹುರಿ ಸುತ್ತಿತ್ತು. ನಾ ಬಿಡಿಸಿದ ಮ್ಯಾಲ ಅತ್ತಿತು."

"ಯಾವ ವರ್ಷ ಯವ್ವಾ?" ಎಂದು ಕೇಳಿದೆ.

ಮುದುಕಿ ಬೆರಳು ಮಡಚಿ ಎಣಿಸಿದಳು. ಮಾರೆಮ್ಮನಿಗೆ ಗ್ಯಾನಮ್ಮನಿಗಿಂತ ಮೊದಲು ಒಂದು ಹೆಣ್ಣು ಹುಟ್ಟಿ ತೀರಿತ್ತು. ಅದೂ ಮಳೆಗಾಲದಲ್ಲಿ. ಎರಡರಲ್ಲಿ ಯಾವುದು ಯಾವ ವರ್ಷ ಎಂದು ಯಮನಮ್ಮನಿಗೆ ಹೊಳೆಯಲಿಲ್ಲ. ಕೂಲಿಗೆ ಹೋಗುವ ಮಾರೆಮ್ಮನಿಗೂ ಇಸವಿ ಗೊತ್ತಿರಲಿಲ್ಲ.

"ಅಂದಾಜಿಗೆ ಒಂದು ಬರಸಬೇ" ಎಂದ ಯಂಕೋಬ. "ಯಾರು ನೋಡ್ತಾರ?"

"ಅಂದಾಜಿಗೆ ಬರಸಾದಿದ್ರ ಮೇಷ್ಟ್ರು ಬರದಿದ್ದ ಸಾಕಿತ್ತಲ್ಲಲೇ. ಇಷ್ಟು ವರ್ಷ ನನ್ನ ಹೆಬ್ಬೆಟ್ಟು ಸುಳ್ಳಿಗೆ ಒತ್ತಿಲ್ಲ. ಒಂದು ಸುಳ್ಳಾದ್ರ ಉಳಿದವರ ಚೀಟಿನೂ ಸುಳ್ಳ ಆಗ್ತಾವ." ಹಾಗೆಂದು ಅತ್ತಳು. "ನಾನ ಕೈಯಾರೆ ನೀರಿಗೆ ಬಿಟ್ನೆಲ್ಲೋ" ಎಂದು ಮಗನ ಮುಂದೆ ಅತ್ತಳು.

ಸೋಮವಾರ ಅರ್ಜಿ ಹೋಗಲಿಲ್ಲ. ಶ್ರಾವಣದಲ್ಲಿ ಗ್ಯಾನಮ್ಮನ ಲಗ್ನ ಆಯಿತು. ನರ್ಸ್ ಕ್ಲಾಸಿಗೆ ಸಣ್ಣವಳು ಎಂದು ಹೇಳಿದ ಕಾಗದವನ್ನು ಲಗ್ನಕ್ಕೆ ಯಾರೂ ಕೇಳಲಿಲ್ಲ. ಆಮೇಲೆ ದಢೇಸುಗೂರಿನಲ್ಲಿ ಗಂಡನ ಮನೆಯವರ ಜೊತೆ ನೆಲ್ಲು ನಾಟಿಗೆ ಹೋಗತೊಡಗಿದಳು. ಹತ್ತನೇ ಇಯತ್ತೆಯಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗಿ.

ಯಂಕೋಬ ಈಗ ಎಲ್ಲಾ ಒಪ್ಪುತ್ತಾನೆ. ಅಂಗಡಿಯಲ್ಲಿ ಏನು ಬರೆದರೂ ಅವತ್ತೇ ಎರಡು ಪ್ರತಿ ಪ್ರಿಂಟ್ ತೆಗೆಯುತ್ತಾನೆ. ಅಮರಮ್ಮ ಹೊಸ ವಹಿ ಹಿಡಿದು ಮನೆಮನೆಗೆ ಹೋಗಿ, ಹಳೆಯ ಚೀಟಿ ಇಟ್ಟುಕೊಂಡವರನ್ನು ಹುಡುಕುತ್ತಿದ್ದಾಳೆ. ನಾನೂರ ಹನ್ನೆರಡರಲ್ಲಿ ಇದುವರೆಗೆ ತೊಂಬತ್ತೊಂದು ಸಿಕ್ಕಿವೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ. ಯಮನಮ್ಮ ಹೆರಿಗೆ ಮಾಡಿಸುವುದನ್ನು ಬಿಟ್ಟಿದ್ದಳು.

ಒಂದೇ ಒಂದು ಸಲ ಮತ್ತೆ ಎದ್ದಳು. ಹೋದ ತಿಂಗಳು ಗ್ಯಾನಮ್ಮ ತವರಿಗೆ ಬಂದಿದ್ದಳು, ಚೊಚ್ಚಲ ಹೆರಿಗೆ. ಹೆಣ್ಣು ಕೂಸು. ಅಮರಮ್ಮ ಹೊಸ ವಹಿಯಲ್ಲಿ ಶಾಯಿಯಿಂದ ತಾರೀಖು, ವಾರ, ಇಸವಿ ಬರೆದಳು. ಹೊರಸಿನ ಮೇಲೆ ಮಲಗಿದ್ದ ಗ್ಯಾನಮ್ಮ ಅದನ್ನೇ ನೋಡುತ್ತಿದ್ದಳು.

"ಅಕ್ಕಾ, ಇನ್ನೊಂದು ಹಾಳಿ ಮ್ಯಾಗೂ ಬರಿ" ಎಂದಳು. "ಅದು ನನ್ನ ಕೈಯಾಗ ಕೊಡು. ನನ್ನ ಮಗಳದು ನಾ ಯಾರ ಕೀಲಿಯಾಗೂ ಇಡಂಗಿಲ್ಲ."

ಅಮರಮ್ಮ ಬರೆದುಕೊಟ್ಟಳು. ಗ್ಯಾನಮ್ಮ ಅದನ್ನು ಎರಡು ಸಲ ಓದಿ, ಮಡಚಿ, ಕೂಸಿನ ತಲೆಯ ಕುಲಾಯಿಯ ಒಳಗಿಟ್ಟಳು.

ಅವ್ವಂದಿರೇ, ಅಣ್ಣಂದಿರೇ, ಬಾಡಿಗೆಯ ಸಾಫ್ಟ್‌ವೇರ್ ತಗೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಕೈಯಲ್ಲಿ ಒಂಬತ್ತು ಸಾವಿರ ಇಲ್ಲದವರು ಏನು ಮಾಡಬೇಕು? ಒಮ್ಮೆಗೇ ಕೊಂಡರೆ ಚಿಂತೆ ಇಲ್ಲ ಎಂದೂ ಹೇಳುವುದಿಲ್ಲ, ನನ್ನದು ಸಿಡಿಲಿಗೆ ಹೋಗಿದೆ. ಕೊಳ್ಳುವ ಮೊದಲು ಮಾರುವವನನ್ನು ಬಾಯಿಬಿಟ್ಟು ಕೇಳಿ. ದುಡ್ಡು ನಿಂತರೆ, ಅಥವಾ ನೀವೇ ನಿಂತುಹೋದರೆ, ನಾನು ಬರೆದದ್ದು ತೆರೆಯುತ್ತದೆಯೇ? ಬೇರೆ ಕಂಪ್ಯೂಟರಿನಲ್ಲಿ, ಬೇರೆ ಸಾಫ್ಟ್‌ವೇರಿನಲ್ಲಿ ಓದಲು ಬರುತ್ತದೆಯೇ? ಜೀವನಪರ್ಯಂತ ಅಂದರೆ ಯಾರ ಜೀವನ? ಜವಾಬನ್ನು ಕರಾರಿನಲ್ಲಿ ಬರೆಸಿ, ದಸ್ಕತ್ತು ಹಾಕಿಸಿ. "ನಾ ಇದೀನಲ್ಲ" ಅನ್ನುವುದನ್ನು ಜವಾಬೆಂದು ತಿಳಿಯಬೇಡಿ, ನಾನು ಅಷ್ಟಕ್ಕೇ ಬಿಟ್ಟು ಕೆಟ್ಟೆ. ಬರೆದದ್ದನ್ನು ಅವತ್ತೇ ಕಾಗದದ ಮೇಲೆ ತೆಗೆಯಿರಿ. ಮತ್ತು ಹಳೆಯ ವಹಿಗೆ ಗೆದ್ದಲು ಹತ್ತಿದ್ದರೆ ಬಿಸಿಲಿಗೆ ಹಾಕಿ, ಬೇವಿನ ಎಲೆ ಇಟ್ಟು, ಡಬ್ಬಿಯಲ್ಲಿ ಮುಚ್ಚಿಡಿ. ನೀರಿಗೆ ಬಿಡಬೇಡಿ.