ಬಲಗಡೆಯ ಡಬ್ಬಿ

"ಏ ಹಾರ್ಲನ್ ಮಾಮ, ಒಂಚೂರು ನಿಧಾನ ಮಾಡು! ಅದೇನದು?" ದೋಣಿಯ ಮೂತಿಯಲ್ಲಿ ನಿಂತಿದ್ದ ಡ್ವೇನ್ ಕೈ ಎತ್ತಿದ.

ಏಡಿ ಹಿಡಿಯುವ ಆ ದೋಣಿಯ ನಡುವೆ ಅವನ ಚಿಕ್ಕಪ್ಪ ಎಲ್‌ವುಡ್‌ನ ಶವಪೆಟ್ಟಿಗೆ ಇತ್ತು. ಒಂದು ಪಕ್ಕ ಎಲ್‌ವುಡ್‌ನ ಹೆಂಡತಿ ನೆಟ್ಟಿ, ಇನ್ನೊಂದು ಪಕ್ಕ ಪಾದ್ರಿ ಮೆರಿಟ್. ಚುಕ್ಕಾಣಿ ಹಿಡಿದಿದ್ದವನು ಹಾರ್ಲನ್, ಸತ್ತವನ ಜೀವದ ಗೆಳೆಯ. ಆಚೆ ದಡದ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದವರನ್ನು ಚೆಸಾಪೀಕ್ ಕೊಲ್ಲಿ ದಾಟಿಸಿ ದ್ವೀಪದ ಚರ್ಚಿನ ಮಣ್ಣಿಗೆ ತರುವುದು ಹೀಗೆಯೇ. ಅವರ ಬೆನ್ನಹಿಂದೆ ಊರಿನ ದೋಣಿಗಳು ಸಾಲಾಗಿ ಬರುತ್ತಿದ್ದವು.

ಕಾಲುವೆಯ ಬಾಯಲ್ಲಿ, ಚರ್ಚಿನವರೇ ನೆಟ್ಟ ಕಂಬದ ಮೇಲೆ ತ್ರಿಕೋನದ ಹಲಗೆ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಹಸಿರು ಬಣ್ಣ.

ಕಡಲಿನಿಂದ ಮನೆಗೆ ಬರುವವರಿಗೆ ಬಲಕ್ಕೆ ಕೆಂಪು ತ್ರಿಕೋನ, ಎಡಕ್ಕೆ ಹಸಿರು ಚೌಕ. ದ್ವೀಪದ ಮಕ್ಕಳು ಪ್ರಾರ್ಥನೆಗಿಂತ ಮೊದಲು ಇದನ್ನು ಕಲಿಯುತ್ತಾರೆ.

"ಹಸಿರು ತ್ರಿಕೋನ! ಬೇಸಿಗೆಗೆ ಬರೋ ಸಾಹುಕಾರರ ಕೆಲಸಾನೇ ಇದು," ಡ್ವೇನ್ ನಕ್ಕ. "ಚಿಕ್ಕಪ್ಪ ನೋಡಿದ್ರೆ ಪೆಟ್ಟಿಗೆ ಒದ್ಕೊಂಡು ಎದ್ದು ಬರ್ತಿದ್ದ."

"ನಿನ್ನೆ ನಾನೇ ಬಳಿದೆ ಕಣೋ," ಹಾರ್ಲನ್ ಹೇಳಿದ. "ಅವ್ನು ಬರೋ ದಾರಿ ಚೆಂದ ಇರ್ಲಿ ಅಂತ. ಚೌಕಕ್ಕೆ ಕೈ ಹಾಕೋ ಹೊತ್ತಿಗೆ ಕತ್ತಲಾಯ್ತು." ಅವನು ಹಲಗೆ ನೋಡಿದ, ಡ್ವೇನ್‌ನ ಮುಖ ನೋಡಿದ, ಮತ್ತೆ ಹಲಗೆ ನೋಡಿದ. ಕಿವಿಗಳು ನಿಧಾನವಾಗಿ ಕಾವೇರಿದವು.

ಅವನ ಕಾಲ ಬಳಿ ಚೀಟಿ ಕಿತ್ತುಹೋದ ಎರಡು ಬಣ್ಣದ ಡಬ್ಬಿಗಳಿದ್ದವು. ನೆಟ್ಟಿಯ ಕಣ್ಣು ಅವುಗಳ ಮೇಲೆ ನಿಂತಿತು.

*

ಕರಾವಳಿ ಕಾವಲಿನವರ ಪರವಾಗಿ, ಸಂಬಳವಿಲ್ಲದೆ, ಆ ಇಬ್ಬರು ಗೆಳೆಯರು ವಸಂತ ಬಂತೆಂದರೆ ಕಾಲುವೆ ಸುತ್ತುತ್ತಿದ್ದರು. ಜನ ತಮ್ಮ ದೋಣಿಕಟ್ಟೆಗಳ ಮುಂದೆ ತಾವೇ ಹಾಕಿಕೊಂಡ ಗುರುತಿನ ಹಲಗೆ, ದೀಪ, ಸೇತುವೆಯ ಕೆಳಗೆ ಎತ್ತರ ಬರೆದ ಅಂಕಿ, ಎಲ್ಲ ನೆಟ್ಟಗಿದೆಯೇ ಎಂದು ನೋಡುವುದು. ನೆಟ್ಟಿ ಏಡಿ ವಡೆ ಕಟ್ಟಿಕೊಂಡು ಜೊತೆಗೆ ಹೋಗುತ್ತಿದ್ದಳು. ಸೇತುವೆಯ ನೆರಳಲ್ಲಿ ಊಟ.

ಚುಕ್ಕಾಣಿಯಿಂದ ಹಾರ್ಲನ್ ಹಲಗೆಯ ಆಕಾರ, ಅದರ ಮೇಲಿನ ಅಂಕಿ ಕೂಗುತ್ತಿದ್ದ: "ತ್ರಿಕೋನ. ಎರಡು."

ಎಲ್‌ವುಡ್ ಉತ್ತರಿಸುತ್ತಿದ್ದ: "ಕೆಂಪು. ಸರಿ."

ಚರ್ಚಿನಲ್ಲಿ ಪಾದ್ರಿಗೆ ಭಕ್ತರು ಓಗೊಟ್ಟ ಹಾಗೆ. ಒಮ್ಮೆ ಸೇತುವೆಯ ಮಾಲೀಕನೊಬ್ಬ, "ನಿಮ್ಮನ್ನ ಯಾರ್ರೀ ಕರೆದ್ರು?" ಎಂದು ಗದರಿದ್ದ. "ಯಾರೂ ಕರೀಲಿಲ್ಲ ಸ್ವಾಮಿ, ಅದಕ್ಕೇ ಬಂದ್ವಿ," ಅಂದಿದ್ದ ಎಲ್‌ವುಡ್, ಅಂಕಿಯ ಮೇಲಿನ ಪಾಚಿ ಉಜ್ಜುತ್ತ.

ಅಂಥ ಮನುಷ್ಯ ದನಿ ಏರಿಸಿದ್ದು ಒಂದೇ ಸಲ. ಅವರ ಮನೆಯ ಶೆಡ್ಡಿನ ಬಾಗಿಲ ಬಲಕ್ಕೆ ಕೆಂಪು ಬಣ್ಣದ ಡಬ್ಬಿ, ಎಡಕ್ಕೆ ಹಸಿರು. ಕಸ ಗುಡಿಸುವಾಗ ನೆಟ್ಟಿ ಬಲಗಡೆಯದನ್ನು ಸರಿಸಿದ್ದಳು.

"ಅದನ್ನ ಮುಟ್ಬೇಡ ಅಂದೆ!"

"ಅಬ್ಬಬ್ಬಾ! ಏನು, ಚರ್ಚಿನ ಪವಿತ್ರ ಬಟ್ಟಲಾ ಅದು?"

"ಹಾಗಂತಲೇ ಇಟ್ಕೋ."

ಕಾರಣ ಹೇಳಿರಲಿಲ್ಲ. ಅವಳೂ ಕೆದಕಲಿಲ್ಲ. ಇನ್ನೊಂದು ಸಂಗತಿಯೂ ಇತ್ತು. ಹೆಣ್ಣೇಡಿಯ ಕೊಂಡಿಯ ತುದಿ ಕೆಂಪು; ಕಟ್ಟೆಯ ಜನ ದೂರದಿಂದಲೇ ಗುರುತಿಸುತ್ತಾರೆ. ಹಾರ್ಲನ್ ಮಾತ್ರ ಒಂದೊಂದನ್ನೂ ಮಗುಚಿ, ಗಂಡೋ ಹೆಣ್ಣೋ ಎಂದು ಹೊಟ್ಟೆಯ ಆಕಾರ ನೋಡುತ್ತಿದ್ದ. "ಸೆರಗು ಎತ್ತಿ ನೋಡದೆ ನಂಬೋ ಗಂಡಸಲ್ಲ ಇವ್ನು!" ಎಂದು ಕಟ್ಟೆಯೆಲ್ಲ ನಗುವಾಗ ಎಲ್‌ವುಡ್ ಒಬ್ಬನೇ ನಗುತ್ತಿರಲಿಲ್ಲ.

*

ಸಾವಿನ ಮನೆಗೆ ಬರುವವರಿಗೆಂದು ಕುರ್ಚಿ ತೆಗೆಯಲು ಶೆಡ್ಡು ಖಾಲಿ ಮಾಡಿಸಿದವಳು ನೆಟ್ಟಿಯೇ. ಡಬ್ಬಿಗಳನ್ನು ಎಡ ಬಲ ನೋಡದೆ ಹೇಗೆ ಬಂತೋ ಹಾಗೆ ವಾಪಸಿಟ್ಟಿದ್ದಳು; ಹಾರ್ಲನ್ ಬಣ್ಣ ಬಳಿಯಲು ಒಯ್ದದ್ದು ಅವನ್ನೇ.

"ಅಲ್ಲಾ ಮಾಮ, ಇಷ್ಟು ವರ್ಷ ನೀನೂ ತಪಾಸಣೆ ಮಾಡ್ದೋನು," ಡ್ವೇನ್ ಬಿಡಲಿಲ್ಲ. "ಕೆಂಪು ಯಾವ್ದು ಹಸಿರು ಯಾವ್ದು..."

"ಸುಮ್ನಿರೋ ಡ್ವೇನ್. ಡಬ್ಬಿ ಅದಲು ಬದಲು ಮಾಡ್ದೋಳು ನಾನು. ಅಳೋ ಕಣ್ಣಿಗೆ ಯಾವ ಬಣ್ಣ ಕಾಣುತ್ತೆ ಹೇಳು?"

ಡ್ವೇನ್ ತಲೆ ತಗ್ಗಿಸಿ ಟೋಪಿ ತೆಗೆದ.

"ನೀರು ಇಳೀತಾ ಇದೆ, ನೆಟ್ಟಿ," ಪಾದ್ರಿ ಮೆಲ್ಲಗೆ ಹೇಳಿದರು. "ಈಗ ನಿಂತ್ರೆ ಮುಂದಿನ ಮರಳು ದಿಣ್ಣೆ ದಾಟೋದು ಕಷ್ಟ. ಪೆಟ್ಟಿಗೆ ಇಟ್ಕೊಂಡು ರಾತ್ರಿಯೆಲ್ಲ ಕೆಸರಲ್ಲಿ ಕೂರ್ಬೇಕಾದೀತು. ಹಲಗೆಗೆ ನಾಳೆ ಬಳಿದರಾಯ್ತು."

"ಹೌದು, ಹೋಗೋಣ," ಹಾರ್ಲನ್ ಯಾರನ್ನೂ ನೋಡಲಿಲ್ಲ. "ನಾಳೆಯಿಂದ ಈ ಕೆಲ್ಸಾನೂ ಬಿಟ್ಬಿಡ್ತೀನಿ."

ನೆಟ್ಟಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. "ತಪ್ಪಿರೋ ಹಲಗೆ ಹಾಗೇ ಬಿಟ್ಟು ಇವ್ನು ಯಾವತ್ತೂ ಮನೆಗೆ ಬಂದಿಲ್ಲ, ಪಾದ್ರಿಗಳೇ. ದೇವ್ರು ಅಷ್ಟು ನೀರು ಉಳಿಸ್ತಾನೆ."

ದೋಣಿ ಕಂಬಕ್ಕೆ ತಾಗಿ ನಿಂತಿತು. ಹಾರ್ಲನ್ ಬಾಗಿದ. ಅವನ ಕೈ ಎರಡು ಡಬ್ಬಿಗಳ ಮೇಲೆ ಇತ್ತ ಅತ್ತ ಹೋಗಿ, ಗಾಳಿಯಲ್ಲೇ ನಿಂತುಬಿಟ್ಟಿತು. ನೆಟ್ಟಿ ಕರ್ಚೀಫು ಎತ್ತಿಕೊಳ್ಳುವವಳಂತೆ ಬಗ್ಗಿ ಒಂದು ಡಬ್ಬಿಯನ್ನು ಅವನ ಬಲಗಾಲಿಗೆ ಒತ್ತಿದಳು.

"ಇದು," ಎಂದಳು. ಬಣ್ಣದ ಹೆಸರು ಹೇಳಲಿಲ್ಲ.

ಅವನು ಅವಳ ಮುಖವನ್ನೇ ನೋಡಿ ಪಿಸುಗುಟ್ಟಿದ. "ಅವ್ನು ಹೇಳಿದ್ನಾ ನಿಂಗೆ, ನನ್ನ ಕಣ್ಣಿನ ವಿಷ್ಯ?"

"ಇಲ್ಲ ಕಣೋ. ಸಾಯೋವರೆಗೂ ಹೇಳ್ಲಿಲ್ಲ."

ಹಾರ್ಲನ್ ಬಳಿಯುವಾಗ ಹಿಂದಿನ ದೋಣಿಗಳೆಲ್ಲ ಇಂಜಿನ್ ನಿಲ್ಲಿಸಿ ಕಾದವು. ಯಾರೋ ಸ್ತುತಿಗೀತೆ ಎತ್ತಿಕೊಂಡರು. ನೀರು ಇಳಿದಂತೆ ಕಂಬದ ಮೇಲೆ ಒದ್ದೆಯ ಗೆರೆ ಬೆರಳು ಬೆರಳಾಗಿ ಅಗಲವಾಗುತ್ತಿತ್ತು.

ಮತ್ತೆ ಹೊರಟಾಗ ದಿಣ್ಣೆಯ ಮೇಲೆ ದೋಣಿಯ ತಳ ಕರಕರ ಉಜ್ಜಿತು. ನಿಂತೇಬಿಟ್ಟಿತು ಅನ್ನುವಾಗ ಡ್ವೇನ್ ಕೋಲು ಹಾಕಿ ನೂಕಿದ. ಜಾರಿ ಮುಂದೆ ಹೋಯಿತು. ಹಾರ್ಲನ್ ಹಿಂದಿರುಗಿ ಹಲಗೆ ನೋಡಿದ. ಅಭ್ಯಾಸಬಲದಿಂದ ಬಾಯಿಗೆ ಬಂತು:

"ತ್ರಿಕೋನ. ಎರಡು."

ಓಗೊಡುವವನು ಪೆಟ್ಟಿಗೆಯಲ್ಲಿದ್ದ.

"ಕೆಂಪು," ಅಂದಳು ನೆಟ್ಟಿ. "ಸರಿ."

ಆಮೇಲೆ ಅವಳು ಮೆಲ್ಲಗೆ ಎದ್ದು ಕೆಂಪು ಡಬ್ಬಿಯನ್ನು ಪೆಟ್ಟಿಗೆಯ ಬಲಕ್ಕೆ, ಹಸಿರನ್ನು ಎಡಕ್ಕೆ ಇಟ್ಟಳು. ಅವೆರಡರ ನಡುವೆ ಎಲ್‌ವುಡ್ ಮನೆಗೆ ಬರುತ್ತಿದ್ದ.